ಗ್ರಿಪ್ ಬೇಕು, ದಿನವೂ ಓಡಲೂಬೇಕು: ಟೈರ್ ಬದಲಿಸುವವರ ಪ್ರಶ್ನೆಗಳು

ಓಡಿಸಲು ಚುರುಕಾದ ಕಾರು, ಆದರೆ ದಿನವೂ ಕೆಲಸಕ್ಕೆ ಹೋಗಿಬರಲು ಅದೇ ಬೇಕು. ಟೈರ್ ಸವೆದಿದೆ, ಈಗ ಯಾವುದನ್ನು ಹಾಕಿಸುವುದು? ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಇದೇ ವಿಷಯದವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನದು ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಫ್ರಂಟ್ ವೀಲ್ ಡ್ರೈವ್. ಟೈರ್ ಅಳತೆ 225/45 ಆರ್17 91ಡಬ್ಲ್ಯು. ತಿಂಗಳಲ್ಲಿ ಇಪ್ಪತ್ತೈದು ದಿನ ಟ್ರಾಫಿಕ್‌ನಲ್ಲೇ ಓಡುತ್ತದೆ, ಒಂದೆರಡು ದಿನ ಮಾತ್ರ ತಿರುವುಗಳಿರುವ ರಸ್ತೆಗೆ ಹೋಗುತ್ತೇನೆ. ಅಂಗಡಿಯವರು ಟೂರಿಂಗ್ ಟೈರ್ ಸಾಕು ಎನ್ನುತ್ತಾರೆ. ಗೆಳೆಯರು ಟ್ರ್ಯಾಕ್‌ನಲ್ಲಿ ಬಳಸುವ ಟೈರನ್ನೇ ಹಾಕಿಸು ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇವೆರಡರ ನಡುವೆ ಇರುವ ವರ್ಗ ನಿಮ್ಮದು: ಅಲ್ಟ್ರಾ ಹೈ ಪರ್ಫಾರ್ಮೆನ್ಸ್ ಎಂದು ಕರೆಯುವ ರಸ್ತೆ ಟೈರ್‌ಗಳು. ಕಾರಣ ಹೇಳುತ್ತೇವೆ.

ಟ್ರ್ಯಾಕ್ ಕಡೆಗೆ ವಾಲಿದ ಟೈರ್‌ನ ರಬ್ಬರ್ ಚೆನ್ನಾಗಿ ಬಿಸಿಯಾದ ಮೇಲೆ ಕಚ್ಚುವಂತೆ ಮಾಡಿದ್ದು. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಕಾರಿನಲ್ಲಿ ಆ ಬಿಸಿ ಬರುವುದೇ ಇಲ್ಲ. ಅದರ ಹಲ್ಲಿನ, ಅಂದರೆ ರಸ್ತೆಗೆ ತಾಗುವ ಮೈಯ, ಬ್ಲಾಕ್‌ಗಳು ದೊಡ್ಡವು, ನಡುವಿನ ಕಾಲುವೆಗಳು ಕಡಿಮೆ, ಅವುಗಳ ಆಳವೂ ಕಡಿಮೆ. ರಸ್ತೆಯ ಮೇಲೆ ನೀರು ನಿಂತಿದ್ದರೆ ಅದನ್ನು ಪಕ್ಕಕ್ಕೆ ತಳ್ಳಲು ಜಾಗ ಸಾಲದೆ ಟೈರ್ ನೀರಿನ ಮೇಲೆ ತೇಲುತ್ತದೆ. ಸದ್ದು ಹೆಚ್ಚು, ಸವೆತ ಬೇಗ. ಹೆಚ್ಚು ದುಡ್ಡು ಕೊಟ್ಟು ಮಳೆಯ ದಿನ ಕಡಿಮೆ ಗ್ರಿಪ್ ಪಡೆದಂತಾಗುತ್ತದೆ.

ಟೂರಿಂಗ್ ಟೈರ್‌ನ ಕಥೆ ಬೇರೆ. ಸದ್ದು ಕಡಿಮೆ, ಬಾಳಿಕೆ ಹೆಚ್ಚು, ಗುಂಡಿಗಳ ಮೇಲೆ ಮೆತ್ತಗೆ. ಆದರೆ ಸೈಡ್‌ವಾಲ್ (ಟೈರ್‌ನ ಪಕ್ಕದ ಗೋಡೆ) ಮೃದು, ಹಲ್ಲಿನ ಬ್ಲಾಕ್‌ಗಳಲ್ಲಿ ಸಣ್ಣ ಸೀಳುಗಳು ಹೆಚ್ಚು. ಸ್ಟಿಯರಿಂಗ್ ತಿರುಗಿಸಿದಾಗ ಮೊದಲು ಆ ಬ್ಲಾಕ್‌ಗಳು ವಾಲುತ್ತವೆ, ಆಮೇಲೆ ಸೈಡ್‌ವಾಲ್ ಮಡಚಿಕೊಳ್ಳುತ್ತದೆ, ಕಾರು ತಿರುಗುವುದು ಅದಾದ ಮೇಲೆ. ಆ ಅರೆಕ್ಷಣದ ತಡ ನಿಮ್ಮ ಕಾರಿನ ಸ್ಟಿಯರಿಂಗ್, ಸಸ್ಪೆನ್ಷನ್ ಎರಡರ ಚುರುಕನ್ನೂ ನುಂಗಿಹಾಕುತ್ತದೆ. ಚುರುಕು ಬೇಕೆಂದೇ ತೆಗೆದುಕೊಂಡ ಕಾರಿಗೆ ಇದು ದೊಡ್ಡ ನಷ್ಟ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮಿಶೆಲಿನ್‌ನಲ್ಲಿ ಪೈಲಟ್ ಸ್ಪೋರ್ಟ್, ಕಾಂಟಿನೆಂಟಲ್‌ನಲ್ಲಿ ಸ್ಪೋರ್ಟ್‌ಕಾಂಟ್ಯಾಕ್ಟ್, ಗುಡ್‌ಇಯರ್‌ನಲ್ಲಿ ಈಗಲ್ ಎಫ್1, ಬ್ರಿಜ್‌ಸ್ಟೋನ್‌ನಲ್ಲಿ ಪೊಟೆಂಜಾ, ಇವು ನೀವು ನೋಡಬೇಕಾದ ಸರಣಿಗಳು. ಪ್ರೈಮಸಿ, ಟುರಾಂಜಾ ಎಂಬವು ಟೂರಿಂಗ್ ಬಗೆಯವು. ಒಂದು ಎಚ್ಚರ: ಸರಣಿಯ ಹೆಸರೊಂದನ್ನೇ ನಂಬಬೇಡಿ. ಪೊಟೆಂಜಾ ಹೆಸರಿನಲ್ಲಿ ದಿನಬಳಕೆಯ ಟೈರ್‌ಗಳೂ ಇವೆ, ಟ್ರ್ಯಾಕ್‌ಗೆ ಮಾಡಿದವೂ ಇವೆ. ಮಾದರಿಯ ಪೂರ್ತಿ ಹೆಸರು ಬರೆದುಕೊಂಡು ಅಂಗಡಿಗೆ ಹೋಗಿ.

ಚಳಿಗಾಲದಲ್ಲಿ ಉಷ್ಣಾಂಶ ವಾರಗಟ್ಟಲೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೇ ಇರುವ ಕಡೆ ಓಡಿಸುವವರಿಗೆ ಈ ಸಲಹೆ ಹೊಂದುವುದಿಲ್ಲ. ಈ ಟೈರ್‌ಗಳ ಬೇಸಗೆ ರಬ್ಬರ್ ಅಲ್ಲಿ ಗಡಸಾಗಿ ಹಿಡಿತ ಬಿಡುತ್ತದೆ. ಅಂಥವರು ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರವಿರುವ ಟೈರ್ ಕೇಳಬೇಕು. ಆ ಚಿತ್ರ ಹಾಕಲು ಟೈರ್ ಹಿಮದ ಮೇಲಿನ ಪರೀಕ್ಷೆಯಲ್ಲಿ ಪಾಸಾಗಿರಬೇಕು. ಎಂ+ಎಸ್ ಎಂಬ ಅಕ್ಷರಕ್ಕೆ ಅಂಥ ಪರೀಕ್ಷೆಯಿಲ್ಲ, ಹಲ್ಲಿನ ವಿನ್ಯಾಸ ನೋಡಿ ಕಂಪನಿಯೇ ಹಾಕಿಕೊಳ್ಳುತ್ತದೆ.

ಪ್ರಶ್ನೆ: ಅದೇ 225/45 ಆರ್17 ಇದೆ. 235 ಹಾಕಿಸಿದರೆ ಗ್ರಿಪ್ ಹೆಚ್ಚುತ್ತದೆಯೇ? ಅಥವಾ 18 ಇಂಚಿನ ಅಲಾಯ್‌ಗೆ ಹೋಗಲೇ?

ಉತ್ತರ: ಮೊದಲು ಲೆಕ್ಕ. 225 ಎಂಬುದು ಮಿಲಿಮೀಟರಿನಲ್ಲಿ ಟೈರ್‌ನ ಅಗಲ. 45 ಎಂದರೆ ಸೈಡ್‌ವಾಲ್‌ನ ಎತ್ತರ ಆ ಅಗಲದ ಶೇ 45, ಅಂದರೆ ಸುಮಾರು 101 ಮಿ.ಮೀ. 17 ಇಂಚಿನ ರಿಮ್ 431.8 ಮಿ.ಮೀ. ಅದಕ್ಕೆ ಮೇಲೊಂದು ಕೆಳಗೊಂದು ಸೈಡ್‌ವಾಲ್ ಸೇರಿಸಿದರೆ ಟೈರ್‌ನ ಒಟ್ಟು ಎತ್ತರ 634 ಮಿ.ಮೀ. ಇದೇ ನಿಮ್ಮ ಅಳತೆಗೋಲು. ಸ್ಪೀಡೋಮೀಟರ್, ಎಬಿಎಸ್, ಗೇರ್ ಅನುಪಾತ ಎಲ್ಲವೂ ಇದಕ್ಕೆ ಹೊಂದಿಸಿದವು.

235/45 ಆರ್17 ಹಾಕಿದರೆ ಎತ್ತರ 643 ಮಿ.ಮೀ., ಅಂದರೆ ಶೇ 1.4 ಹೆಚ್ಚು. ಮೀಟರ್‌ಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ನೋಡಬೇಕಾದದ್ದು ರಿಮ್‌ನ ಅಗಲ. 225/45 ಆರ್17ಕ್ಕೆ 7ರಿಂದ 8.5 ಇಂಚು ಅಗಲದ ರಿಮ್ ಆಗುತ್ತದೆ, 235/45ಕ್ಕೆ 7.5ರಿಂದ 9 ಇಂಚು ಬೇಕು. ನಿಮ್ಮ ರಿಮ್ 7 ಇಂಚಿನದಾದರೆ 235ರ ಮಾತು ಅಲ್ಲಿಗೇ ಮುಗಿಯಿತು. ಕಿರಿದಾದ ರಿಮ್‌ಗೆ ಅಗಲದ ಟೈರ್ ಏರಿಸಿದರೆ ಸೈಡ್‌ವಾಲ್ ಹೊಟ್ಟೆ ಬಿಟ್ಟಂತಾಗಿ ತಿರುವಿನಲ್ಲಿ ಹೊಯ್ದಾಡುತ್ತದೆ. ಚುರುಕು ಹೆಚ್ಚಲೆಂದು ಮಾಡಿದ್ದು ಇದ್ದದ್ದನ್ನೂ ಕಳೆಯುತ್ತದೆ. ರಿಮ್‌ನ ಅಗಲ ತಿಳಿಯಲು ಚಕ್ರ ಬಿಚ್ಚಿ ಕಡ್ಡಿಗಳ ಹಿಂಭಾಗದಲ್ಲಿ ನೋಡಿ, 7.5ಜೆ x 17 ಎಂಬಂತೆ ಎರಕದಲ್ಲೇ ಮೂಡಿರುತ್ತದೆ. ಜೊತೆಗೆ ಇಟಿ ಎಂದು ಇನ್ನೊಂದು ಸಂಖ್ಯೆ ಇರುತ್ತದೆ, ಅದು ಆಫ್‌ಸೆಟ್, ಅಂದರೆ ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಳತೆ. ರಿಮ್ ಬದಲಿಸುವಾಗ ಇದು ತಪ್ಪಿದರೆ ಟೈರ್ ಒಳಗಡೆ ಸಸ್ಪೆನ್ಷನ್‌ನ ಸ್ಟ್ರಟ್‌ಗೋ ಹೊರಗಡೆ ಮಡ್‌ಗಾರ್ಡ್‌ನ ಅಂಚಿಗೋ ತಾಗುತ್ತದೆ.

18 ಇಂಚಿಗೆ ಸರಿಯಾದ ಜೋಡಿ 225/40 ಆರ್18, ಎತ್ತರ 637 ಮಿ.ಮೀ. ಆಗ ಸೈಡ್‌ವಾಲ್ 101ರಿಂದ 90 ಮಿ.ಮೀ.ಗೆ ಇಳಿಯುತ್ತದೆ. ಹೋದ ಆ 11 ಮಿಲಿಮೀಟರ್ ಗುಂಡಿಗೂ ರಿಮ್‌ಗೂ ನಡುವೆ ಇದ್ದ ಮೆತ್ತೆ. ವೇಗದಲ್ಲಿ ಚೂಪು ಅಂಚಿನ ಗುಂಡಿಗೆ ಬಿದ್ದಾಗ ಟೈರ್ ರಿಮ್‌ಗೂ ಅಂಚಿಗೂ ನಡುವೆ ಸಿಕ್ಕಿ ಜಜ್ಜಿ ಒಳಗಿನ ಎಳೆಗಳು ಹರಿಯುತ್ತವೆ. ಒಂದೆರಡು ದಿನದಲ್ಲೇ ಸೈಡ್‌ವಾಲ್‌ನಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಕಾಣಿಸುತ್ತದೆ. ಆ ಉಬ್ಬಿಗೆ ರಿಪೇರಿ ಇಲ್ಲ, ಟೈರ್ ಎಸೆಯಬೇಕಷ್ಟೆ. ರಸ್ತೆ ನುಣುಪಾಗಿಲ್ಲದ ಕಡೆ 17 ಇಂಚಿನಲ್ಲೇ ಇದ್ದು, ಉಳಿದ ದುಡ್ಡನ್ನು ಒಂದು ದರ್ಜೆ ಮೇಲಿನ ಟೈರ್‌ಗೆ ಹಾಕಿ. ಅಗಲ ಹೆಚ್ಚಿಸುವುದಕ್ಕಿಂತ ಒಳ್ಳೆಯ ರಬ್ಬರ್‌ನಿಂದ ಸಿಗುವ ಗ್ರಿಪ್ ದೊಡ್ಡದು.

ಪ್ರಶ್ನೆ: 91 ಬದಲು 94 ಎಕ್ಸ್‌ಎಲ್ (ಎಕ್ಸ್‌ಟ್ರಾ ಲೋಡ್, ಹೆಚ್ಚು ಭಾರ ಹೊರುವ ಬಗೆ) ಸಿಕ್ಕಿದೆ. ಗಾಳಿ ಎಂದಿನಷ್ಟೇ ಹಿಡಿಸಬಹುದೇ?

ಉತ್ತರ: ಟೈರ್ ಹಾಕಿಸಬಹುದು. ಗಾಳಿ ಮಾತ್ರ ಸ್ವಲ್ಪ ಹೆಚ್ಚು ಬೇಕು, ಇದು ಬಹಳ ಜನಕ್ಕೆ ಗೊತ್ತಿಲ್ಲ. 91 ಎಂದರೆ ಒಂದು ಟೈರ್ 615 ಕೆ.ಜಿ. ಹೊರಬಲ್ಲದು, 94 ಎಂದರೆ 670 ಕೆ.ಜಿ. ಆದರೆ ಸಾಧಾರಣ ಟೈರ್ ತನ್ನ ಪೂರ್ತಿ ಭಾರ ಹೊರುವುದು 36 ಪಿಎಸ್‌ಐನಲ್ಲಿ, ಎಕ್ಸ್‌ಎಲ್ ಟೈರ್ ಹೊರುವುದು 42ರಲ್ಲಿ. ಅಂದರೆ 36 ಪಿಎಸ್‌ಐ ಇದ್ದಾಗ 94 ಎಕ್ಸ್‌ಎಲ್ ಹೊರುವ ಭಾರ ಹಳೆಯ 91ಕ್ಕಿಂತ ತುಸು ಕಡಿಮೆಯೇ. ಹಾಗಾಗಿ ಬಾಗಿಲಿನ ಕಂಬದ ಚೀಟಿಯಲ್ಲಿರುವ ಅಂಕಿಗೆ 2 ಪಿಎಸ್‌ಐ ಸೇರಿಸಿ ಹಿಡಿಸಿ. ಕಾರಿನ ಚೀಟಿಯಲ್ಲೇ ಎಕ್ಸ್‌ಎಲ್‌ಗೆ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಭಾರದ ಸಂಖ್ಯೆ ಮೇಲಕ್ಕೆ ಹೋಗಬಹುದು, ಕೆಳಕ್ಕೆ ಇಳಿಯಕೂಡದು. ವೇಗದ ಅಕ್ಷರವೂ ಹಾಗೆಯೇ: ಎಚ್ ಎಂದರೆ ಗಂಟೆಗೆ 210 ಕಿ.ಮೀ., ವಿ 240, ಡಬ್ಲ್ಯು 270, ವೈ 300. ಆ ವೇಗದಲ್ಲಿ ನೀವು ಎಂದೂ ಓಡದಿದ್ದರೂ, ಹೆಚ್ಚಿನ ಅಕ್ಷರದ ಟೈರ್ ಬಿಸಿ ತಾಳುವಂತೆ ಕಟ್ಟಿದ್ದಾಗಿರುತ್ತದೆ ಎಂಬುದನ್ನು ಮರೆಯಬೇಡಿ.

ಪ್ರಶ್ನೆ: ಒಂದು ಟೈರ್‌ನ ಮೇಲೆ ಟ್ರೆಡ್‌ವೇರ್ (ಸವೆತದ ದರ್ಜೆ) 320 ಎಂದಿದೆ, ಇನ್ನೊಂದರಲ್ಲಿ 500. ಎರಡನೆಯದು ಒಂದೂವರೆ ಪಟ್ಟು ಬಾಳುತ್ತದೆಯೇ? ಗ್ರಿಪ್‌ಗೂ ಇದೇ ಸಂಖ್ಯೆ ನೋಡಬೇಕೇ?

ಉತ್ತರ: ಒಂದೇ ಕಂಪನಿಯ ಎರಡು ಟೈರ್‌ಗಳ ನಡುವೆ ಸ್ಥೂಲವಾಗಿ ಹೋಲಿಸಬಹುದು. ಬೇರೆ ಬೇರೆ ಕಂಪನಿಗಳ ನಡುವೆ ಆಗದು. ಇದು ಅಮೆರಿಕದ ದರ್ಜೆ ಪದ್ಧತಿ. 100 ಅಂಕದ ಪರೀಕ್ಷಾ ಟೈರ್‌ನೊಂದಿಗೆ ಹೋಲಿಸಿ ಓಡಿಸಿದ ಮೇಲೆ ಅಂಕ ಕೊಟ್ಟುಕೊಳ್ಳುವುದು ತಯಾರಕರೇ, ಕಡಿಮೆ ಅಂಕ ಹಾಕಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಅದರ ಪಕ್ಕದ ಎಎ, ಎ ಎಂಬ ಟ್ರ್ಯಾಕ್ಷನ್ ಅಕ್ಷರವೂ ಒದ್ದೆ ನೆಲದ ಮೇಲೆ ನೇರವಾಗಿ ಬ್ರೇಕ್ ಹಾಕಿ ಅಳೆದದ್ದು. ತಿರುವಿನ ಹಿಡಿತದ ಬಗ್ಗೆ ಅದು ಏನೂ ಹೇಳುವುದಿಲ್ಲ.

ಯುರೋಪಿನ ಲೇಬಲ್ ಸಿಕ್ಕರೆ ಅದರಲ್ಲಿ ಒದ್ದೆ ರಸ್ತೆಯ ಹಿಡಿತಕ್ಕೆ 'ಎ'ಯಿಂದ 'ಇ'ವರೆಗೆ ದರ್ಜೆ ಇರುತ್ತದೆ, 2021ರ ಮೇ ತಿಂಗಳಿಂದ ಈಗಿನ ರೂಪ ಜಾರಿಯಲ್ಲಿದೆ. ನಮ್ಮ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಒಣ ರಸ್ತೆಯಲ್ಲಿ ಇಂದಿನ ಒಳ್ಳೆಯ ಟೈರ್‌ಗಳ ನಡುವಿನ ಅಂತರ ಸಣ್ಣದು. ಒದ್ದೆಯಲ್ಲಿ ಅಂತರ ಬಾಯಿ ತೆರೆಯುತ್ತದೆ. ಬಿಯೋ ಸಿಯೋ ಎಂದು ಗೊಂದಲವಾದರೆ, ಇಂಧನ ಉಳಿತಾಯದಲ್ಲಿ ಒಂದು ಅಕ್ಷರ ಬಿಟ್ಟುಕೊಟ್ಟಾದರೂ ಒದ್ದೆ ಹಿಡಿತದಲ್ಲಿ ಮೇಲಿನದನ್ನು ಹಿಡಿಯಿರಿ. ಆದರೆ ಈ ಅಕ್ಷರವೂ ಹೊಸ ಟೈರ್‌ನ ಬ್ರೇಕ್ ಅಳತೆಯೇ. ನಿಂತ ನೀರಿನಲ್ಲಿ ತೇಲುವ ಗುಣ, ಸ್ಟಿಯರಿಂಗ್‌ನ ಸ್ಪಂದನ, ಅರ್ಧ ಸವೆದ ಮೇಲೆ ಹೇಗಿರುತ್ತದೆ ಎಂಬುದು ಅದರಲ್ಲಿಲ್ಲ. ಅದಕ್ಕೆ ನಿಮ್ಮ ಅಳತೆಯಲ್ಲೇ ಹಲವು ಟೈರ್‌ಗಳನ್ನು ಒಂದೇ ಕಾರಿಗೆ ಹಾಕಿ ಹೋಲಿಸಿದ ಪರೀಕ್ಷಾ ವರದಿಗಳನ್ನೇ ಓದಬೇಕು.

ಪ್ರಶ್ನೆ: ಮುಂದಿನ ಎರಡು ಟೈರ್ ಪೂರ್ತಿ ಸವೆದಿವೆ, ಹಿಂದಿನವು ಅರ್ಧ ಇವೆ. ಎರಡೇ ಹೊಸದು ತರುತ್ತೇನೆ. ಎಳೆಯುವ ಚಕ್ರ ಮುಂದಿನದು, ಹಾಗಾಗಿ ಹೊಸದನ್ನು ಮುಂದೆ ಹಾಕಬೇಕಲ್ಲವೇ?

ಉತ್ತರ: ಇಲ್ಲ, ಹಿಂದೆ ಹಾಕಿ. ಹಿಂದಿನ ಅರ್ಧ ಸವೆದವನ್ನು ಮುಂದಕ್ಕೆ ತನ್ನಿ.

ನೀರಿನ ಮೇಲೆ ಮುಂದಿನ ಟೈರ್ ಹಿಡಿತ ಬಿಟ್ಟರೆ ಕಾರು ತಿರುಗದೆ ನೇರ ಹೋಗುತ್ತದೆ. ಸ್ಟಿಯರಿಂಗ್ ಹಗುರಾದದ್ದು ಕೈಗೆ ಗೊತ್ತಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಬಹುಪಾಲು ಮತ್ತೆ ಹಿಡಿತ ಸಿಗುತ್ತದೆ. ಹಿಂದಿನದು ಬಿಟ್ಟರೆ ಕಾರಿನ ಬಾಲ ಪಕ್ಕಕ್ಕೆ ಹೊರಳುತ್ತದೆ. ಆಗ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ಸರಿದು ಹಿಂಭಾಗ ಇನ್ನೂ ಹಗುರಾಗುತ್ತದೆ, ಕಾರು ಗಿರಕಿ ಹೊಡೆಯುತ್ತದೆ. ಕಾರು ಹೊರಳದಂತೆ ತಡೆಯುವ ಇಎಸ್‌ಪಿ ವ್ಯವಸ್ಥೆ ಇದ್ದರೂ ಅದು ಮುಖ್ಯವಾಗಿ ಬ್ರೇಕ್ ಮೂಲಕ ಕೆಲಸ ಮಾಡುವುದು, ರಸ್ತೆಯನ್ನೇ ಮುಟ್ಟದ ಟೈರ್‌ಗೆ ಬ್ರೇಕ್ ಹಾಕಿ ಫಲವಿಲ್ಲ.

ಎರಡು ಜೋಡಿಯೂ ಒಂದೇ ಮಾದರಿಯದಾಗಿರಲಿ, ಕೊನೆಪಕ್ಷ ಒಂದೇ ವರ್ಗದ್ದಾಗಿರಲಿ. ಹಿಂದೆ ಗಟ್ಟಿ ರಬ್ಬರ್‌ನ ಟೂರಿಂಗ್, ಮುಂದೆ ಜಿಗುಟು ಸ್ಪೋರ್ಟ್ಸ್ ಎಂಬ ಜೋಡಣೆ ಮೇಲೆ ಹೇಳಿದ ಗಿರಕಿಗೆ ಆಹ್ವಾನ. ಮುಂದೆ ಈ ಪ್ರಶ್ನೆ ಏಳಬಾರದೆಂದರೆ 8,000ದಿಂದ 10,000 ಕಿ.ಮೀ.ಗೊಮ್ಮೆ ಮುಂದಿನ ಹಿಂದಿನ ಚಕ್ರ ಅದಲು ಬದಲು ಮಾಡಿಸಿ. ಸೈಡ್‌ವಾಲ್‌ನಲ್ಲಿ ಬಾಣದ ಗುರುತಿದ್ದರೆ ಎಡದ್ದು ಎಡದಲ್ಲೇ ಹಿಂದೆ ಮುಂದೆ ಹೋಗಬೇಕು.

ಇನ್ನು, ಹಲ್ಲಿನ ಕಾಲುವೆಯೊಳಗಿನ ಸವೆತದ ಗುರುತಿಗೆ ಹಲ್ಲು ಸಮವಾದರೆ ಉಳಿದ ಆಳ 1.6 ಮಿ.ಮೀ. ಅಲ್ಲಿಯವರೆಗೆ ಕಾಯಬೇಡಿ. ಹೊಸ ಟೈರ್‌ನಲ್ಲಿ 8 ಮಿ.ಮೀ. ಆಸುಪಾಸಿನ ಆಳ ಇರುತ್ತದೆ. 3 ಮಿ.ಮೀ.ಗೆ ಬಂದಾಗ ಮಳೆಯ ಬ್ರೇಕ್ ದೂರ ಎದ್ದು ಕಾಣುವಷ್ಟು ಹೆಚ್ಚಿರುತ್ತದೆ. ನಾಲ್ಕೂ ಚಕ್ರ ಎಳೆಯುವ ಕಾರಾದರೆ ಮುಂದೆ ಹಿಂದೆ ಹಲ್ಲಿನ ಆಳದ ವ್ಯತ್ಯಾಸಕ್ಕೆ ಕೈಪಿಡಿಯಲ್ಲಿ ಮಿತಿ ಇರುತ್ತದೆ, ಅದನ್ನು ಮೀರಿದರೆ ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಕಪ್ಲಿಂಗ್ ಸದಾ ಜಾರುತ್ತ ಬಿಸಿಯಾಗಿ ಹಾಳಾಗುತ್ತದೆ. ಅಲ್ಲಿ ನಾಲ್ಕನ್ನೂ ಒಟ್ಟಿಗೆ ಬದಲಿಸುವುದೇ ಕೊನೆಗೆ ಅಗ್ಗ.

ಪ್ರಶ್ನೆ: ಟೈರ್‌ನ ತಯಾರಿ ದಿನಾಂಕ ಎಲ್ಲಿ ನೋಡುವುದು? ಹಳೆಯ ಸ್ಟಾಕ್ ಎಂದು ರಿಯಾಯಿತಿ ಕೊಡುತ್ತಿದ್ದಾರೆ.

ಉತ್ತರ: ಸೈಡ್‌ವಾಲ್‌ನಲ್ಲಿ ಡಿಓಟಿ ಎಂಬ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2324 ಎಂದರೆ 2024ನೇ ಇಸವಿಯ 23ನೇ ವಾರ. ಈ ನಾಲ್ಕು ಅಂಕಿ ಟೈರ್‌ನ ಒಂದೇ ಮಗ್ಗುಲಲ್ಲಿ ಇರುವುದುಂಟು, ಹಾಗಾಗಿ ಏರಿಸುವ ಮೊದಲೇ ಎರಡೂ ಬದಿ ತಿರುಗಿಸಿ ನೋಡಿ. ನೆರಳಲ್ಲಿ ಇಟ್ಟಿದ್ದ ವರ್ಷದೊಳಗಿನ ಟೈರ್ ಬಗ್ಗೆ ಚಿಂತೆ ಬೇಡ. ಎರಡು ವರ್ಷ ದಾಟಿದ್ದನ್ನು ನಾವು ತೆಗೆದುಕೊಳ್ಳಲು ಹೇಳುವುದಿಲ್ಲ.

ಪ್ರಶ್ನೆ: ಕಾರನ್ನು ಸ್ವಲ್ಪ ತಗ್ಗಿಸಿದ್ದೇನೆ. ಟೈರ್‌ಗಳ ಒಳ ಅಂಚು ದಾರ ಕಾಣುವಷ್ಟು ಸವೆದಿದೆ, ಹೊರ ಅಂಚು ಹೊಸದರಂತೆ ಇದೆ. ಹೊಸ ಟೈರ್ ಹಾಕಿಸುವ ಮೊದಲು ಏನು ಮಾಡಿಸಬೇಕು?

ಉತ್ತರ: ಹಳೆಯ ಟೈರನ್ನು ಎಸೆಯಬೇಡಿ, ಅದೇ ನಿಮ್ಮ ಮೊದಲ ಸಾಕ್ಷಿ. ಅಂಗೈಯನ್ನು ಹಲ್ಲಿನ ಮೇಲೆ ಹೊರಗಿನಿಂದ ಒಳಕ್ಕೆ ಮೆಲ್ಲಗೆ ಸವರಿ, ಆಮೇಲೆ ಒಳಗಿನಿಂದ ಹೊರಕ್ಕೆ. ದಾರ ಎದ್ದ ಕಡೆ ತಂತಿ ಚುಚ್ಚಬಹುದು, ಅಲ್ಲಿ ಕೈ ಹಾಕಬೇಡಿ. ಒಂದು ದಿಕ್ಕಿನಲ್ಲಿ ನುಣುಪಾಗಿ, ಇನ್ನೊಂದು ದಿಕ್ಕಿನಲ್ಲಿ ಗರಗಸದಂತೆ ಕೈಗೆ ತಡೆದರೆ ತಪ್ಪು 'ಟೋ'ದಲ್ಲಿದೆ, ಅಂದರೆ ಚಕ್ರಗಳು ಮೇಲಿನಿಂದ ನೋಡಿದಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನದಲ್ಲಿದೆ, ಚಕ್ರಗಳು ಓಡುವಾಗ ಅಡ್ಡಡ್ಡ ಉಜ್ಜುತ್ತಿವೆ. ಗರಗಸವಿಲ್ಲದೆ ಒಳ ಅಂಚು ಮಾತ್ರ ನುಣ್ಣಗೆ ಇಳಿಜಾರಾಗಿದ್ದರೆ ಕ್ಯಾಂಬರ್, ಅಂದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವ ಕೋನ, ಹೆಚ್ಚಾಗಿದೆ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗುಗಳಿದ್ದರೆ ಅದು ಶಾಕ್ ಅಬ್ಸಾರ್ಬರ್‌ನ ಕೆಲಸ. ನಡುವೆ ಮಾತ್ರ ಸವೆದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದರೆ ಗಾಳಿ ಕಡಿಮೆ.

ತಗ್ಗಿಸಿದ ಕಾರಿನಲ್ಲಿ ಕ್ಯಾಂಬರ್ ಮಾತ್ರವಲ್ಲ, ಟೋ ಕೂಡ ಬದಲಾಗಿರುತ್ತದೆ. ಟೈರನ್ನು ಬೇಗ ತಿನ್ನುವುದು ಟೋ. ಕ್ಯಾಂಬರ್ ಸ್ವಲ್ಪ ಹೆಚ್ಚಿದ್ದು ಟೋ ಸರಿಯಿದ್ದರೆ ಟೈರ್ ಸಾಕಷ್ಟು ಬಾಳುತ್ತದೆ. ಮೊದಲು ಕಾರು ಎತ್ತಿಸಿ ಕಂಟ್ರೋಲ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್‌ಗಳನ್ನು ಅಲ್ಲಾಡಿಸಿ ನೋಡಿಸಿ. ಬುಷ್ ಸಡಿಲಿದ್ದರೆ ಯಂತ್ರದ ಮೇಲೆ ಅಂಕಿ ಸರಿ ಬಂದರೂ, ಬ್ರೇಕ್ ಹಾಕಿದ ಕೂಡಲೇ ಚಕ್ರದ ಕೋನ ತಪ್ಪುತ್ತದೆ. ನಂತರ ಹೊಸ ಟೈರ್ ಹಾಕಿ, ಗಾಳಿ ಸರಿಪಡಿಸಿ, ಆಮೇಲೆ ನಾಲ್ಕು ಚಕ್ರದ ಅಲೈನ್‌ಮೆಂಟ್. ಹಿಂದಿನದನ್ನು ಮೊದಲು ಹೊಂದಿಸಬೇಕು, ಮುಂದಿನದನ್ನು ಆಮೇಲೆ. ಮಾಡುವ ಮೊದಲಿನ ಮತ್ತು ಮಾಡಿದ ಮೇಲಿನ ಅಂಕಿಗಳ ಪ್ರಿಂಟ್ ಕೇಳಿ ಪಡೆಯಿರಿ. ಯಂತ್ರದಲ್ಲಿ ಹಸಿರು ಬಂತು ಎಂದಷ್ಟೇ ಹೇಳಿದರೆ ಒಪ್ಪಬೇಡಿ: ಎಡ ಬಲದ ಅಂಕಿಗಳು ಒಂದಕ್ಕೊಂದು ಹತ್ತಿರ ಇರಬೇಕು. ಕೆಲವು ಕಾರುಗಳಲ್ಲಿ ಕ್ಯಾಂಬರ್ ಹೊಂದಿಸಲು ತಿರುಪೇ ಇರುವುದಿಲ್ಲ, ಆಗ ಕ್ಯಾಂಬರ್ ಬೋಲ್ಟ್ ಹಾಕಿಸಬೇಕಾದೀತು.

ಪ್ರಶ್ನೆ: ರನ್‌ಫ್ಲಾಟ್ ಟೈರ್‌ಗಳು ಕಲ್ಲಿನಂತಿವೆ. ಸಾಮಾನ್ಯ ಟೈರ್‌ಗೆ ಬದಲಾಯಿಸಬಹುದೇ?

ಉತ್ತರ: ನಾಲ್ಕನ್ನೂ ಒಟ್ಟಿಗೆ ಬದಲಿಸುವುದಾದರೆ ಆಗಬಹುದು. ಪ್ರಯಾಣ ಮೆತ್ತಗಾಗುತ್ತದೆ, ಕಾರಿನ ತೂಕವೂ ಸ್ವಲ್ಪ ಇಳಿಯುತ್ತದೆ. ಆದರೆ ಅಂಥ ಕಾರುಗಳಲ್ಲಿ ಸಾಮಾನ್ಯವಾಗಿ ಸ್ಟೆಪ್ನಿ ಇರುವುದಿಲ್ಲ. ರನ್‌ಫ್ಲಾಟ್ ಆದರೆ ಗಾಳಿ ಹೋದ ಮೇಲೂ ಗಂಟೆಗೆ 80 ಕಿ.ಮೀ. ಮೀರದೆ ಸುಮಾರು 80 ಕಿ.ಮೀ. ಓಡಿಸಿ ಮನೆ ಸೇರಬಹುದಿತ್ತು. ಇನ್ನು ಆ ಅನುಕೂಲವಿಲ್ಲ. 12 ವೋಲ್ಟ್ ಕಂಪ್ರೆಸರ್, ಸೀಲೆಂಟ್ ಡಬ್ಬ, ಪಂಕ್ಚರ್ ಕಿಟ್ ಡಿಕ್ಕಿಯಲ್ಲಿರಲಿ. ಸೈಡ್‌ವಾಲ್ ಸೀಳಿದರೆ ಇವು ಯಾವುವೂ ಕೆಲಸಕ್ಕೆ ಬಾರವು, ಆದ್ದರಿಂದ ಅದೇ ಅಳತೆಯ ಒಂದು ಸ್ಟೆಪ್ನಿ ಹಿಡಿಸಲು ಜಾಗವಿದೆಯೇ ನೋಡಿ.

ಪ್ರಶ್ನೆ: ಹೊಸ ಟೈರ್ ಹಾಕಿಸಿ ಎರಡು ದಿನವಾಯಿತು. ಕಾರು ತೇಲಿದಂತೆ, ಸ್ಟಿಯರಿಂಗ್ ಮೆತ್ತಗಾದಂತೆ ಅನಿಸುತ್ತದೆ. ಗಂಟೆಗೆ 90 ಕಿ.ಮೀ. ದಾಟಿದರೆ ಸಣ್ಣ ನಡುಕವೂ ಇದೆ. ಟೈರ್ ಕೆಟ್ಟದ್ದೇ?

ಉತ್ತರ: ಎರಡೂ ಬೇರೆ ಬೇರೆ ವಿಷಯ. ಮೆತ್ತಗಾದದ್ದು ಸಹಜ. ಅಚ್ಚಿನಿಂದ ಬಿಡಿಸಲು ಬಳಸುವ ನುಣುಪಿನ ಪದರ ಮೇಲ್ಮೈಯಲ್ಲಿ ಉಳಿದಿರುತ್ತದೆ, ಅದು ಹೋಗಲು 200ರಿಂದ 300 ಕಿ.ಮೀ. ಬೇಕು. ಅಲ್ಲಿಯವರೆಗೆ ಗಟ್ಟಿ ಬ್ರೇಕ್, ವೇಗದ ತಿರುವು ಬೇಡ, ಮಳೆಯಲ್ಲಂತೂ ಬೇಡವೇ ಬೇಡ. ಜೊತೆಗೆ, ಸವೆದ ಗಿಡ್ಡ ಹಲ್ಲಿಗಿಂತ 8 ಮಿ.ಮೀ. ಎತ್ತರದ ಹಲ್ಲು ಹೆಚ್ಚು ಬಾಗುತ್ತದೆ. ಸವೆಯುತ್ತ ಬಂದಂತೆ ಸ್ಟಿಯರಿಂಗ್ ಬಿಗಿಯಾಗುತ್ತದೆ. ಗಾಳಿಯನ್ನೂ ನೋಡಿ: ರಿಮ್‌ನ ಅಂಚಿಗೆ ಟೈರ್ ಕೂರಿಸಲು 40 ಪಿಎಸ್‌ಐಗಿಂತ ಹೆಚ್ಚು ತುಂಬಿಸಿ ಇಳಿಸಲು ಮರೆಯುವುದು ಅಂಗಡಿಗಳಲ್ಲಿ ನಡೆಯುತ್ತಲೇ ಇರುತ್ತದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ, ತಣ್ಣಗಿದ್ದಾಗ ಚೆಕ್ ಮಾಡಿ. ಓಡಿ ಬಿಸಿಯಾದ ಟೈರ್ 4 ಪಿಎಸ್‌ಐನಷ್ಟು ಹೆಚ್ಚು ತೋರಿಸುವುದು ಸಾಮಾನ್ಯ.

ನಡುಕವನ್ನು ಒಪ್ಪಿಕೊಳ್ಳಬೇಡಿ. ಸ್ಟಿಯರಿಂಗ್ ನಡುಗಿದರೆ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನದು. ಹಿಂತಿರುಗಿ ಹೋಗಿ ಬ್ಯಾಲೆನ್ಸಿಂಗ್ ಮತ್ತೆ ಮಾಡಿಸಿ. ಯಂತ್ರಕ್ಕೆ ಏರಿಸುವ ಮೊದಲು ರಿಮ್‌ನ ಒಳಗೆ ಅಂಟಿದ ಕೆಸರು, ಹಳೆಯ ತೂಕದ ಅಂಟು ಕೆರೆದು ತೆಗೆಸಿ. ಚಕ್ರ ಕೂರುವ ಹಬ್‌ನ ಮುಖದಲ್ಲಿ ತುಕ್ಕಿದ್ದರೆ ತಂತಿ ಬ್ರಷ್‌ನಿಂದ ಉಜ್ಜಿಸಿ, ಇಲ್ಲವಾದರೆ ಚಕ್ರ ನೇರ ಕೂರುವುದಿಲ್ಲ. ಹೊರಗಿನ ಕಂಪನಿಯ ಅಲಾಯ್ ಆದರೆ ನಡುವಿನ ರಂಧ್ರ ಹಬ್‌ಗಿಂತ ದೊಡ್ಡದಿರುತ್ತದೆ, ಅದಕ್ಕೆ ಸರಿಹೊಂದುವ ರಿಂಗ್ ಬೇಕು. ಟೈರ್‌ನ ಮೇಲಿನ ಹಳದಿ ಚುಕ್ಕೆ ಅದರ ಹಗುರವಾದ ಕಡೆ, ಅದನ್ನು ವಾಲ್ವ್‌ನ ಪಕ್ಕಕ್ಕೆ ಬರುವಂತೆ ಕೂರಿಸಿದರೆ ಕಡಿಮೆ ತೂಕ ಅಂಟಿಸಿದರೆ ಸಾಕಾಗುತ್ತದೆ.

ನಟ್‌ಗಳನ್ನು ನಕ್ಷತ್ರದ ಕ್ರಮದಲ್ಲಿ, ಒಂದು ಬಿಟ್ಟು ಎದುರಿನದನ್ನು ಬಿಗಿಯಬೇಕು, ಕೊನೆಯ ಬಿಗಿತ ಟಾರ್ಕ್ ರೆಂಚ್‌ನಿಂದಲೇ ಆಗಬೇಕು. ಬಹಳಷ್ಟು ಕಾರುಗಳಲ್ಲಿ ಇದು 100ರಿಂದ 140 ನ್ಯೂಟನ್ ಮೀಟರ್ ನಡುವೆ ಇರುತ್ತದೆ, ನಿಮ್ಮ ಕಾರಿನ ನಿಖರ ಅಂಕಿ ಕೈಪಿಡಿಯಲ್ಲಿದೆ. ಗಾಳಿ ಗನ್‌ನಿಂದಲೇ ಮುಗಿಸಿದರೆ ಒಂದು ನಟ್ ಹೆಚ್ಚು ಇನ್ನೊಂದು ಕಡಿಮೆ ಬಿಗಿಯಾಗಿ ಬ್ರೇಕ್ ಡಿಸ್ಕ್ ಡೊಂಕಾಗಿ ಕೂರುತ್ತದೆ. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಚೆಕ್ ಮಾಡಿ.

ಪ್ರಶ್ನೆ: ಹೊಸ ಟೈರ್‌ನ ಅಂಚಿನ ಹತ್ತಿರ ಮೊಳೆ ಹೊಕ್ಕಿದೆ. ಪಂಕ್ಚರ್ ಹಾಕಿಸಿದರೆ ಸಾಕೇ?

ಉತ್ತರ: ಜಾಗದ ಮೇಲೆ ಹೋಗುತ್ತದೆ. ರಂಧ್ರ 6 ಮಿ.ಮೀ.ಗಿಂತ ಚಿಕ್ಕದಾಗಿದ್ದು ಹಲ್ಲಿನ ನಡುಭಾಗದಲ್ಲಿದ್ದರೆ, ಟೈರ್ ಬಿಚ್ಚಿಸಿ ಒಳಗಿನಿಂದ ಅಣಬೆ ಆಕಾರದ ಪ್ಯಾಚ್ ಹಾಕಿಸಿ. ಹೊರಗಿನಿಂದ ತುರುಕುವ ದಾರ ಅಂಗಡಿ ತಲುಪುವವರೆಗಿನ ವ್ಯವಸ್ಥೆ ಮಾತ್ರ. ಹೊರ ಅಂಚಿನ ಕಾಲುವೆಯನ್ನು ದಾಟಿ ಭುಜದಲ್ಲೋ ಸೈಡ್‌ವಾಲ್‌ನಲ್ಲೋ ಇದ್ದರೆ ಟೈರ್ ಬದಲಿಸಿ, ಆ ಭಾಗ ಪ್ರತಿ ಸುತ್ತಿಗೂ ಮಡಚುವುದರಿಂದ ಪ್ಯಾಚ್ ನಿಲ್ಲುವುದಿಲ್ಲ. ಮೊಳೆ ಕಂಡ ಕೂಡಲೇ ಕೀಳಬೇಡಿ. ಗಾಳಿ ನಿಧಾನವಾಗಿ ಹೋಗುತ್ತಿದ್ದರೆ ಮೊಳೆಯೇ ಬಿರಡೆಯಂತೆ ತಡೆದಿರುತ್ತದೆ, ಗಾಳಿ ತುಂಬಿಸಿಕೊಂಡು ಮೆಲ್ಲಗೆ ಅಂಗಡಿ ಸೇರಿ. ಗಾಳಿ ಪೂರ್ತಿ ಇಳಿದ ಟೈರ್ ಮೇಲೆ ಓಡಿಸಿದ್ದರೆ ಬಿಚ್ಚಿದಾಗ ಒಳಗೆ ನೋಡಿಸಿ: ಸೈಡ್‌ವಾಲ್‌ನ ಒಳಮೈಯಿಂದ ಕಪ್ಪು ರಬ್ಬರ್ ಪುಡಿ ಉದುರುತ್ತಿದ್ದರೆ, ರಂಧ್ರ ಎಲ್ಲೇ ಇರಲಿ, ಆ ಟೈರನ್ನು ಮತ್ತೆ ಏರಿಸಬಾರದು.